18 ಮೀಟರ್ ಆಳದ ಅಂಗಳ

ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಪಶ್ಚಿಮ ಕರಾವಳಿಯ ಒಂದು ಕೊಲ್ಲಿಯಲ್ಲಿ, ನೀರಿನ ಮಟ್ಟದಿಂದ 18 ಮೀಟರ್ ಕೆಳಗೆ, ನನ್ನ ಅಂಗೈ ಗೆರೆಗಳಷ್ಟೇ ನನಗೆ ಪರಿಚಿತವಾದ ಒಂದು ಚದರ ಮೀಟರ್ ಬಂಡೆಯಿದೆ. ಅದರ ನಾಲ್ಕು ಮೂಲೆಗೂ ಉಕ್ಕಿನ ಮೊಳೆ ಹೊಡೆದು, ಒಂದು ಮೂಲೆಯಲ್ಲಿ ಸಂಖ್ಯೆ ಕೊರೆದ ಕಾಂಕ್ರೀಟ್ ತುಂಡನ್ನು ಅಂಟಿಸಿದ್ದೇನೆ. ಅಂಥ ಚೌಕಗಳು ಒಟ್ಟು 12. ಪ್ರತಿ ಬೇಸಿಗೆಯಲ್ಲೂ ಅವುಗಳ ಬಳಿಗೆ ಇಳಿದು, ಅದೇ ಚೌಕಟ್ಟನ್ನು ಅದೇ ಮೊಳೆಗಳ ಮೇಲೆ ಕೂರಿಸಿ, ಅದೇ ಎತ್ತರದಿಂದ ಚಿತ್ರ ತೆಗೆಯುವುದು, ಧ್ರುವ ಸಾಗರದ ತಳದ ಜೀವಿಗಳನ್ನು ಅಧ್ಯಯನ ಮಾಡುವ ನನ್ನ ವೃತ್ತಿಯ ತಿರುಳು. ಹಡಗು, ಜರಡಿ, ಸೂಕ್ಷ್ಮದರ್ಶಕ, ಪ್ರಬಂಧ ಎಲ್ಲವೂ ಇವೆ. ಆದರೆ ಅವೆಲ್ಲ ಈ ಹನ್ನೆರಡು ಚೌಕಗಳಲ್ಲಿ ಕಂಡದ್ದನ್ನು ಅರ್ಥ ಮಾಡಿಕೊಳ್ಳಲು ನಾನು ಹಿಡಿದ ದಾರಿಗಳು ಎಂದೇ ಭಾವಿಸಿದ್ದೇನೆ.

ಧ್ರುವ ಪ್ರದೇಶ ಎಂದೊಡನೆ ಎಲ್ಲರ ಕಣ್ಣ ಮುಂದೆ ಬರುವುದು ಬಿಳಿ ಬಯಲು, ಪೆಂಗ್ವಿನ್‌ಗಳ ಸಾಲು. ಆ ಬಿಳುಪಿನ ಅಡಿಯಲ್ಲಿ ಬಣ್ಣ ತುಂಬಿದೆ ಎಂದರೆ ಕೇಳಿದವರು ನಂಬುವುದಿಲ್ಲ. ನನ್ನ ಮೊದಲ ಚೌಕದಲ್ಲಿ ಬಂಡೆಗೆ ಮೆತ್ತಿದ ಗುಲಾಬಿ ಬಣ್ಣದ ಪಾಚಿಯ ಹೊದಿಕೆ, ಅದನ್ನು ಕೆರೆದು ತಿನ್ನುವ ಲಿಂಪೆಟ್ ಎಂಬ ಚಿಪ್ಪುಜೀವಿಗಳು, ಕೆಂಪು ನಕ್ಷತ್ರಮೀನುಗಳು, ನೇರಳೆ ಮುಳ್ಳಿನ ಕಡಲ ಅರ್ಚಿನ್‌ಗಳು, ಹಳದಿ ಸ್ಪಂಜುಗಳು ಇದ್ದವು. ಬಂಡೆಯ ಸಂದಿಯಲ್ಲಿ ಒಂದು ಮೀಟರಿಗೂ ಉದ್ದದ ರಿಬ್ಬನ್ ಹುಳು ಸುರುಳಿ ಸುತ್ತಿ ಮಲಗಿತ್ತು. ಇನ್ನೂ ಆಳಕ್ಕೆ ಹೋದರೆ ಜೀವಲೋಕ ಮತ್ತಷ್ಟು ದಟ್ಟವಾಗುತ್ತದೆ. ಹೂದಾನಿಯಂತೆ ನಿಂತ ಗಾಜಿನ ಸ್ಪಂಜುಗಳು, ಅವುಗಳ ಅಂಚಿನ ಮೇಲೆ ಹತ್ತಿ ಕೂತು ನೀರಿಗೆ ತೋಳು ಚಾಚಿದ ಗರಿನಕ್ಷತ್ರಗಳು, ಅಂಗೈಗಿಂತ ಅಗಲಕ್ಕೆ ಕಾಲು ಹರಡುವ ಕಡಲ ಜೇಡಗಳು, ಕಸೂತಿ ಹಾಕಿದ ಬಟ್ಟೆಯಂತೆ ಕಾಣುವ ಬ್ರಯೋಜೋವ ಪ್ರಾಣಿಗಳ ವಸಾಹತುಗಳು ಅಲ್ಲಿವೆ.

ಈ ಲೋಕ ಹೀಗೇಕಿದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗದು. ಅಂಟಾರ್ಕ್ಟಿಕವನ್ನು ದಕ್ಷಿಣ ಅಮೆರಿಕದಿಂದ ಬೇರ್ಪಡಿಸಿದ ಡ್ರೇಕ್ ಜಲಮಾರ್ಗ ತೆರೆದುಕೊಂಡು ಮೂರು ಕೋಟಿ ವರ್ಷಗಳ ಆಸುಪಾಸಾಯಿತು. ಖಂಡವನ್ನು ಸುತ್ತುವರಿದು ಹರಿಯುವ ಸಾಗರ ಪ್ರವಾಹ ಅಂದಿನಿಂದ ಬೇಲಿಯ ಹಾಗೆ ಕೆಲಸ ಮಾಡುತ್ತಿದೆ. ಒಳಗಿನ ನೀರು ಮೈನಸ್ 1.8 ಡಿಗ್ರಿಯ ಹತ್ತಿರ, ಅಂದರೆ ಉಪ್ಪುನೀರು ಹೆಪ್ಪುಗಟ್ಟುವ ಅಂಚಿನಲ್ಲೇ ನಿಂತಿರುತ್ತದೆ. ಚಿಪ್ಪು ಒಡೆದು ತಿನ್ನುವ ಏಡಿಗಳು, ಶಾರ್ಕ್‌ಗಳು ಈ ಖಂಡಾವರಣ ಪ್ರದೇಶದಲ್ಲಿ, ಅಂದರೆ ಖಂಡದ ಅಂಚಿನಿಂದ ಕಡಲೊಳಗೆ ಚಾಚಿದ ನೆಲದಲ್ಲಿ, ಇಲ್ಲವೆಂದೇ ಹೇಳಬಹುದು. ಹಾಗಾಗಿ ಬೇರೆಡೆ ಕಾಣಸಿಗದ ಮೆದು ಮೈಯ, ತೆಳು ಚಿಪ್ಪಿನ, ನಿಧಾನ ನಡಿಗೆಯ ಪ್ರಾಣಿಗಳೇ ಇಲ್ಲಿ ಒಡೆಯರು. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ, ದೇಹದ ಬೇಡಿಕೆಯೋ ಕಡಿಮೆ. ಕೆಲವು ಪ್ರಾಣಿಗಳು ಇಲ್ಲಿ ದೈತ್ಯ ಗಾತ್ರಕ್ಕೆ ಬೆಳೆಯಲು ಇದೂ ಒಂದು ಕಾರಣವೆಂದು ಹಲವು ವಿಜ್ಞಾನಿಗಳು ಹೇಳುತ್ತಾರೆ. ರಕ್ತದಲ್ಲಿ ಹಿಮೋಗ್ಲೋಬಿನ್ನೇ ಇಲ್ಲದ ಐಸ್‌ಫಿಶ್ ಎಂಬ ಮೀನು ಬದುಕಿರುವುದೂ ಈ ನೀರಿನಲ್ಲಿಯೇ. ಖಂಡದ ಮೇಲಿನ ಹಿಮದ ಭಾರಕ್ಕೆ ನೆಲ ಕುಸಿದಿರುವುದರಿಂದ, ಹಿಂದಿನ ಹಿಮಯುಗಗಳ ಹಿಮನದಿಗಳು ನೆಲವನ್ನು ಕೊರೆದಿರುವುದರಿಂದ, ಇಲ್ಲಿಯ ಖಂಡಾವರಣ ಪ್ರದೇಶ ಬೇರೆ ಖಂಡಗಳದ್ದಕ್ಕಿಂತ ಬಹಳ ಆಳ. ಬೇರೆಡೆ 100ರಿಂದ 200 ಮೀಟರ್ ಇದ್ದರೆ ಇಲ್ಲಿ ಸರಾಸರಿ 450 ಮೀಟರಿಗೂ ಹೆಚ್ಚು.

ಅಷ್ಟು ಆಳಕ್ಕೆ ಮುಳುಗುಗಾರ ಹೋಗಲಾರ. ಅಲ್ಲಿಗೆ ಹಡಗು ಬೇಕು, ಉಪಕರಣ ಬೇಕು. ನಾನು ಈ ವೃತ್ತಿಗೆ ಬಂದದ್ದೂ ಹಡಗಿನ ಮೂಲಕವೇ.

ಮೊದಲ ಯಾನದಲ್ಲಿ ನನಗೆ ಒಪ್ಪಿಸಿದ್ದು ಬಾಕ್ಸ್ ಕೋರರ್. ಅದು ಕೆಸರಿನ ಒಂದು ಇಡೀ ಪೆಟ್ಟಿಗೆಯನ್ನು ಕದಡದೆ ಕತ್ತರಿಸಿ ಮೇಲೆ ತರುವ ಭಾರವಾದ ಯಂತ್ರ. ವಿಂಚಿನ ತಂತಿ ಬಿಡುತ್ತ ಹೋಗುತ್ತದೆ; ತಳ ಮುಟ್ಟಿತೇ ಎಂಬುದನ್ನು ತಂತಿಯ ಎಳೆತ ತೋರಿಸುವ ಮುಳ್ಳಿನಲ್ಲಿ ನೋಡಬೇಕು. ಮುಳ್ಳು ಒಮ್ಮೆ ಕುಸಿದು ಮೇಲೆದ್ದರೆ ಪೆಟ್ಟಿಗೆ ನೆಲಕ್ಕೆ ಕೂತು ಹೊರಟಿತೆಂದು ಅರ್ಥ. ಅದು ಡೆಕ್ಕಿಗೆ ಬರುವವರೆಗಿನ ಅರ್ಧ ಗಂಟೆ ಯಾರೂ ಮಾತಾಡುವುದಿಲ್ಲ. ನನ್ನ ಮೊದಲ ಮೂರು ಪ್ರಯತ್ನಗಳಲ್ಲಿ ಪೆಟ್ಟಿಗೆ ಖಾಲಿಯೇ ಬಂತು. ಬಾಯಿ ಮುಚ್ಚಬೇಕಾದ ಸಲಿಕೆಗೆ ಒಂದು ಕಲ್ಲು ಸಿಕ್ಕಿಕೊಂಡು, ಕೆಸರೆಲ್ಲ ದಾರಿಯಲ್ಲೇ ಸೋರಿಹೋಗಿತ್ತು. ಹಿಮಗಡ್ಡೆಗಳು ಭೂಮಿಯಿಂದ ಹೊತ್ತು ತಂದ ಕಲ್ಲುಗಳನ್ನು ಕರಗುತ್ತ ಕರಗುತ್ತ ಕಡಲಿಗೆ ಉದುರಿಸುತ್ತವೆ. ಧ್ರುವ ಸಾಗರದ ತಳದ ತುಂಬ ಅಂಥ ಕಲ್ಲುಗಳು ಚೆಲ್ಲಿಕೊಂಡಿವೆ. ನಾನು ಸಿಟ್ಟಿನಿಂದ ಆ ಕಲ್ಲನ್ನು ಕಡಲಿಗೆ ಎಸೆಯಲು ಹೊರಟಾಗ ಹಿರಿಯ ಸಂಶೋಧಕಿಯೊಬ್ಬರು ಕೈ ಹಿಡಿದು ತಡೆದರು. "ಕಲ್ಲನ್ನೂ ಒಮ್ಮೆ ತಿರುಗಿಸಿ ನೋಡಿ" ಎಂದರು. ತಿರುಗಿಸಿದೆ. ಅದರ ಒಂದು ಮುಖದಲ್ಲಿ ಬ್ರಯೋಜೋವಗಳು, ಸುರುಳಿ ಕೊಳವೆಯ ಹುಳುಗಳು, ಉಗುರಿನಷ್ಟು ಗಾತ್ರದ ಸ್ಪಂಜು, ಅದರೊಳಗೆ ಅಡಗಿದ್ದ ಸೀಗಡಿ ಜಾತಿಯ ಸಣ್ಣ ಜೀವಿ ಎಲ್ಲ ಕೂಡಿ ಒಂದು ಊರೇ ನೆಲೆಸಿತ್ತು. ಕೆಸರು ಬಯಲಿನ ನಡುವೆ ಗಟ್ಟಿ ನೆಲ ಬೇಕೆನ್ನುವ ಪ್ರಾಣಿಗಳಿಗೆ ಅಂಥ ಕಲ್ಲು ಒಂದು ದ್ವೀಪ. ಅಂದಿನಿಂದ ನಾನು ಒಂದು ಕಲ್ಲನ್ನೂ ಕಡಲಿಗೆ ಎಸೆದಿಲ್ಲ.

ಡೆಕ್ಕಿನ ಕೆಲಸದಲ್ಲಿ ಹೊಸಬರು ಅರಿಯದ ಒಂದು ಸಂಗತಿಯಿದೆ. ಕಡಲಿನಿಂದ ಮೇಲೆ ಬಂದ ಪ್ರಾಣಿಗೆ ಅಪಾಯ ಬಿಸಿಯಿಂದ ಮಾತ್ರವೇ ಎಂದು ನಾನು ತಿಳಿದಿದ್ದೆ. ಮೈನಸ್ 15 ಡಿಗ್ರಿಯ ಗಾಳಿ ಬೀಸುತ್ತಿದ್ದರೆ ನೀರಿಗಿಂತ ಡೆಕ್ಕೇ ತಂಪು. ಮೈನಸ್ 1.8ರಲ್ಲಿ ಆರಾಮವಾಗಿದ್ದ ಬ್ರಿಟಲ್ ಸ್ಟಾರ್ ಎಂಬ, ನಕ್ಷತ್ರಮೀನಿನ ಬಳಗದ ಪ್ರಾಣಿ ಕೆಲವೇ ಕ್ಷಣಗಳಲ್ಲಿ ಹೆಪ್ಪುಗಟ್ಟಿ, ಮುಟ್ಟಿದರೆ ತೋಳುಗಳು ಕಡ್ಡಿಯ ಹಾಗೆ ಮುರಿಯುತ್ತವೆ. ಅದೇ ಪ್ರಾಣಿಯನ್ನು ಪ್ರಯೋಗಾಲಯದ ಬೆಚ್ಚನೆಯ ಮೇಜಿನ ಮೇಲಿಟ್ಟರೂ ಸಾಯುತ್ತದೆ. ಆದ್ದರಿಂದ ಬುಟ್ಟಿ ಮೇಲೆ ಬರುವ ಮೊದಲೇ ಕಡಲ ನೀರು ತುಂಬಿದ ತೊಟ್ಟಿಗಳು ಸಿದ್ಧವಿರಬೇಕು, ಶೂನ್ಯದ ಆಸುಪಾಸಿನಲ್ಲಿ ಇರಿಸಿದ ಕೋಣೆ ತೆರೆದಿರಬೇಕು, ಯಾರು ಏನು ಹಿಡಿಯಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಕೈಗವಸಿಲ್ಲದೆ ಗಾಜಿನ ಸ್ಪಂಜನ್ನು ಎತ್ತಿದ ದಿನ ಕಲಿತ ಪಾಠವೂ ಒಂದಿದೆ. ಅದರ ಎಲುಬುಗಳು ನಿಜವಾಗಿಯೂ ಸಿಲಿಕಾದ ಸೂಜಿಗಳು. ಚರ್ಮದೊಳಗೆ ಹೊಕ್ಕರೆ ಕಣ್ಣಿಗೆ ಕಾಣದೆ ವಾರಗಟ್ಟಲೆ ಚುಚ್ಚುತ್ತಲೇ ಇರುತ್ತವೆ.

ಆಮೇಲೆ ಜರಡಿ. ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯ ಮೇಲೆ ಕೆಸರನ್ನು ಹರಡಿ ಕಡಲ ನೀರನ್ನು ಮೆಲ್ಲಗೆ ಹಾಯಿಸುತ್ತೇವೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಹಸಿರು ಲೋಳೆ ಕಣ್ಣುಗಳನ್ನು ಕಟ್ಟಿಹಾಕುತ್ತದೆ, ಆಗ ಅವಸರ ಮಾಡಿ ನೀರಿನ ಒತ್ತಡ ಹೆಚ್ಚಿಸಿದರೆ ಹುಳುಗಳು ತುಂಡಾಗುತ್ತವೆ. ಒಂದು ಪೆಟ್ಟಿಗೆ ಕೆಸರಿಗೆ ಎರಡು ಗಂಟೆ ಬೇಕಾದದ್ದೂ ಇದೆ. ಉಳಿದದ್ದರಲ್ಲಿ ಒಂದು ಪಾಲು ಡಿಎನ್‌ಎ ಅಧ್ಯಯನಕ್ಕೆಂದು ತಣ್ಣಗಿನ ಎಥನಾಲಿಗೆ, ಇನ್ನೊಂದು ಪಾಲು ದೇಹರಚನೆ ನೋಡಲೆಂದು ಫಾರ್ಮಲಿನಿಗೆ. ಅದಕ್ಕೂ ಮೊದಲು ಪ್ರತಿ ಪ್ರಾಣಿಯ ಬಣ್ಣದ ಚಿತ್ರ ತೆಗೆಯಬೇಕು, ಏಕೆಂದರೆ ಎಥನಾಲಿನಲ್ಲಿ ಒಂದು ದಿನ ಕಳೆದರೆ ಕೇಸರಿ ಬಣ್ಣದ ಕಡಲ ಸೌತೆಯೂ ಬಿಳಿಚಿಕೊಂಡು ಗುರುತು ಸಿಗದಂತಾಗುತ್ತದೆ.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಲೇಬೇಕು. ಎರಡನೆಯ ಯಾನದಲ್ಲಿ ಬಾಟಲಿಗಳ ಹೊರಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದೆ. ಹಡಗು ಹೊಯ್ದಾಡಿದಾಗ ಎಥನಾಲ್ ಚೆಲ್ಲಿ ಅಕ್ಷರಗಳು ಅಳಿಸಿಹೋದವು. ಎಲ್ಲಿಂದ, ಎಷ್ಟು ಆಳದಿಂದ ಬಂದವೆಂದು ಹೇಳಲಾಗದ 31 ಬಾಟಲಿ ಪ್ರಾಣಿಗಳು ಉಳಿದವು. ಆ ಪ್ರಾಣಿಗಳನ್ನು ಕೊಂದದ್ದು ನಾವು. ಅವುಗಳಿಂದ ಏನನ್ನೂ ತಿಳಿಯದೆ ಹೋದದ್ದು ನನ್ನಿಂದ. ಆ ನೋವು ಇಂದಿಗೂ ಇದೆ. ಈಗ ನೀರು ಹಿಡಿಯದ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ಆ ಚೀಟಿಯನ್ನು ಬಾಟಲಿಯ ಒಳಗೇ ಹಾಕುತ್ತೇನೆ. ನನ್ನ ಜೊತೆ ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ಕೊಡುವುದು ಸೂಕ್ಷ್ಮದರ್ಶಕವನ್ನಲ್ಲ, ಪೆನ್ಸಿಲನ್ನು.

ಹಡಗಿನ ಎರಡು ತಿಂಗಳಿಗೆ ಪ್ರಯೋಗಾಲಯದ ಎರಡು ವರ್ಷ ಎಂಬ ಲೆಕ್ಕ ಈ ವೃತ್ತಿಯಲ್ಲಿ ಸಾಮಾನ್ಯ. ಸೂಕ್ಷ್ಮದರ್ಶಕದ ಕೆಳಗೆ ಬಟ್ಟಲಿಟ್ಟು, ಮರಳಿನ ಕಣಗಳ ನಡುವಿನಿಂದ ಒಂದೊಂದೇ ಜೀವಿಯನ್ನು ಚಿಮುಟದಲ್ಲಿ ಎತ್ತಿ ಬೇರ್ಪಡಿಸುತ್ತ ಕೂರಬೇಕು. ಅವುಗಳಲ್ಲಿ ಎಷ್ಟೋ ಪ್ರಭೇದಗಳಿಗೆ ಹೆಸರೇ ಇಲ್ಲ. 2002ರಿಂದ 2005ರವರೆಗೆ ಅಂಟಾರ್ಕ್ಟಿಕದ ವೆಡೆಲ್ ಸಮುದ್ರ ಮತ್ತು ಸುತ್ತಲಿನ ಆಳಸಾಗರದಲ್ಲಿ ನಡೆದ ಆ್ಯಂಡೀಪ್ ಯಾನಗಳಲ್ಲಿ ಸೀಗಡಿ, ಏಡಿಗಳ ಬಳಗದ ಐಸೊಪಾಡ್ ಎಂಬ ಒಂದೇ ಗುಂಪಿನ 674 ಪ್ರಭೇದಗಳು ಸಿಕ್ಕವು. ಅವುಗಳಲ್ಲಿ 585 ವಿಜ್ಞಾನಕ್ಕೆ ಅದುವರೆಗೆ ಗೊತ್ತಿರಲಿಲ್ಲ. ಈ ಸಂಖ್ಯೆಯನ್ನು ನಾನು ಯಾರಿಗೆ ಹೇಳಿದರೂ ಒಮ್ಮೆ ನಿಂತು ಮತ್ತೆ ಹೇಳುತ್ತೇನೆ. ಬೆರಳಿನ ತುದಿಗಿಂತ ಚಿಕ್ಕ ಜೀವಿಯ ಏಳನೆಯ ಕಾಲಿನ ಮೇಲಿನ ರೋಮಗಳನ್ನು ಎಣಿಸುವವರನ್ನು ಜನ ಹಳೆಯ ಕಾಲದ ವಿಜ್ಞಾನಿಗಳೆಂದು ಬದಿಗಿಡುತ್ತಾರೆ. ಆ ಎಣಿಕೆ ಇಲ್ಲದಿದ್ದರೆ ಉಳಿದ ಯಾವ ಲೆಕ್ಕವೂ ನಿಲ್ಲದು. ವರ್ಗೀಕರಣ ಬಲ್ಲವರು ಕಡಿಮೆಯಾಗುತ್ತಿರುವುದು ನಮ್ಮ ಕ್ಷೇತ್ರದ ಅತಿ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಆಳದಲ್ಲಿ ಜೀವವೇ ಇರಲಾರದು ಎಂದು ಒಂದು ಕಾಲದಲ್ಲಿ ನಂಬಿದ್ದರು. ಬ್ರಿಟಿಷ್ ಜೀವವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ 1840ರ ದಶಕದಲ್ಲಿ ಏಜಿಯನ್ ಸಮುದ್ರದಲ್ಲಿ ಕಂಡದ್ದನ್ನು ಆಧರಿಸಿ, ಸುಮಾರು 300 ಫ್ಯಾದಮ್‌ಗಿಂತ (ಸುಮಾರು 550 ಮೀಟರ್) ಕೆಳಗೆ ಜೀವಿಗಳಿಲ್ಲ ಎಂದು ಊಹಿಸಿದ. ಆದರೆ ಅದಕ್ಕೂ ಬಹಳ ಹಿಂದೆ, 1818ರಲ್ಲಿ, ಬ್ರಿಟಿಷ್ ನೌಕಾಧಿಕಾರಿ ಜಾನ್ ರಾಸ್ ಆರ್ಕ್ಟಿಕ್‌ನ ಬ್ಯಾಫಿನ್ ಕೊಲ್ಲಿಯಲ್ಲಿ ಆಳ ಅಳೆಯಲು ಇಳಿಬಿಟ್ಟ ಹಗ್ಗಕ್ಕೆ ಕವಲು ತೋಳುಗಳ ದೊಡ್ಡ ನಕ್ಷತ್ರವೊಂದು ಸುತ್ತಿಕೊಂಡು ಬಂದಿತ್ತು. ಅವನ ಸೋದರನ ಮಗ ಜೇಮ್ಸ್ ಕ್ಲಾರ್ಕ್ ರಾಸ್ 1841ರಲ್ಲಿ ಅಂಟಾರ್ಕ್ಟಿಕದ ಆಳದಿಂದ ಜೀವಂತ ಹವಳಗಳನ್ನು, ಹುಳುಗಳನ್ನು ಮೇಲೆತ್ತಿದ. ಆಳದಲ್ಲೂ ಜೀವವಿದೆ ಎಂಬ ಉತ್ತರ ಎರಡೂ ಧ್ರುವಗಳಿಂದ ಬಂದಿತ್ತು, ಗಮನಿಸಿದವರು ಕಡಿಮೆ.

ಹಡಗಿನ ಐದು ವರ್ಷಗಳ ನಂತರ ನನಗೆ ಒಂದು ಕೊರಗು ಶುರುವಾಯಿತು. ಬಾಕ್ಸ್ ಕೋರರ್ ಒಂದು ಜಾಗಕ್ಕೆ ಒಮ್ಮೆ ಹೋದರೆ ಮತ್ತೆ ಅದೇ ಜಾಗಕ್ಕೆ ಹೋಗಲಾರದು. ಹೋದರೂ ಅಲ್ಲಿ ಉಳಿದಿರುವುದು ನಾವೇ ತೆಗೆದ ಗುಂಡಿ. ನನ್ನ ಬಳಿ ಸಾವಿರಾರು ಪ್ರಾಣಿಗಳ ಪಟ್ಟಿಯಿತ್ತು, ಅವುಗಳಲ್ಲಿ ಒಂದೇ ಒಂದರ ಬದುಕೂ ನನಗೆ ಗೊತ್ತಿರಲಿಲ್ಲ. ಈ ಸ್ಪಂಜಿನ ವಯಸ್ಸೆಷ್ಟು? ಇದು ಇಲ್ಲಿಗೆ ಯಾವಾಗ ಬಂತು? ಇದು ಸತ್ತರೆ ಆ ಜಾಗಕ್ಕೆ ಯಾರು ಬರುತ್ತಾರೆ? ಇವಕ್ಕೆ ಉತ್ತರ ಬೇಕಾದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ಹಾಗೆ ಹೋಗಲು ಮುಳುಗುವುದನ್ನು ಕಲಿಯಬೇಕಾಯಿತು.

ಹಿಮದ ನೀರಿನಲ್ಲಿ ಮುಳುಗುವುದು ತಯಾರಿಯ ಕೆಲಸ. ಮೂವತ್ತು ನಿಮಿಷ ನೀರಿನಲ್ಲಿರಲು ಮೂರು ಗಂಟೆ ದಡದಲ್ಲಿ ದುಡಿಯಬೇಕು. ಎರಡು ಪದರ ಉಣ್ಣೆಯ ಒಳಉಡುಪು, ಅದರ ಮೇಲೆ ನೀರು ನುಸುಳದ ಡ್ರೈಸೂಟ್, ದಪ್ಪ ಕೈಗವಸು. ಉಸಿರಾಟದ ರೆಗ್ಯುಲೇಟರ್ ಹೆಪ್ಪುಗಟ್ಟಿ ಗಾಳಿ ಒಂದೇ ಸಮನೆ ಹೊರನುಗ್ಗುವುದು ಇಲ್ಲಿ ಅಪರೂಪವಲ್ಲ, ಆದ್ದರಿಂದ ಒಂದಕ್ಕೊಂದು ಸಂಬಂಧವಿಲ್ಲದ ಎರಡು ರೆಗ್ಯುಲೇಟರ್‌ಗಳು ಸಿಲಿಂಡರಿನ ಮೇಲಿರುತ್ತವೆ. ನೀರಿಗಿಳಿಯುವ ಮೊದಲು ನಮ್ಮ ತಂಡದ ಇಬ್ಬರು ಅರ್ಧ ಗಂಟೆ ಕಡಲನ್ನೇ ದಿಟ್ಟಿಸಿ, ಲೆಪರ್ಡ್ ಸೀಲ್ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. 2003ರಲ್ಲಿ ಅಂಟಾರ್ಕ್ಟಿಕದಲ್ಲಿ ಯುವ ಸಾಗರ ಜೀವವಿಜ್ಞಾನಿಯೊಬ್ಬರು ಅಂಥ ಸೀಲ್‌ನ ದಾಳಿಗೆ ಬಲಿಯಾದರು. ನಾವು ಆ ಕಾವಲನ್ನು ಒಂದು ದಿನವೂ ತಪ್ಪಿಸಿಲ್ಲ.

ನೀರು ಮುಖಕ್ಕೆ ತಗುಲಿದ ಮೊದಲ ಕ್ಷಣ ಹಣೆಗೆ ಸುತ್ತಿಗೆಯ ಏಟು ಬಿದ್ದಂತೆ ನೋಯುತ್ತದೆ. ಒಂದು ನಿಮಿಷದಲ್ಲಿ ತುಟಿಗಳು ಮರಗಟ್ಟಿ, ಬಾಯಲ್ಲಿ ರೆಗ್ಯುಲೇಟರ್ ಇದೆಯೋ ಇಲ್ಲವೋ ಎಂದು ಹಲ್ಲಿನಿಂದ ಕಚ್ಚಿ ತಿಳಿಯಬೇಕು. ಇಪ್ಪತ್ತನೆಯ ನಿಮಿಷಕ್ಕೆ ಬೆರಳುಗಳು ಮಾತು ಕೇಳುವುದಿಲ್ಲ. ಅದಕ್ಕಾಗಿಯೇ ಕ್ಯಾಮೆರಾದ ಗುಂಡಿಗಳನ್ನು ಹೆಬ್ಬೆರಳಿನ ಗಾತ್ರಕ್ಕೆ ಬದಲಾಯಿಸಿಕೊಂಡಿದ್ದೇನೆ, ಕಷ್ಟದ ಕೆಲಸವನ್ನು ಮೊದಲ ಹತ್ತು ನಿಮಿಷಗಳಲ್ಲೇ ಮುಗಿಸುತ್ತೇನೆ.

ಹೀಗೆ ಹನ್ನೆರಡು ಚೌಕಗಳನ್ನು ನೆಟ್ಟೆ. ಮೊದಲ ವರ್ಷ ಚಿತ್ರ ತೆಗೆದೆ. ಎರಡನೆಯ ವರ್ಷದ ಚಿತ್ರವನ್ನು ಅದರ ಮೇಲಿಟ್ಟು ಹೋಲಿಸಿದರೆ ಹೆಚ್ಚು ಕಡಿಮೆ ಅದೇ ಚಿತ್ರ. ಲಿಂಪೆಟ್‌ಗಳು, ನಕ್ಷತ್ರಗಳು ಜಾಗ ಬದಲಿಸಿದ್ದವು, ಅಷ್ಟೇ. ಮೂರನೆಯ ವರ್ಷವೂ ಹಾಗೆಯೇ. ನಾಲ್ಕನೆಯ ಚೌಕದ ಹಳದಿ ಸ್ಪಂಜು ಮೂರು ವರ್ಷಗಳಲ್ಲಿ ಅಳತೆಗೆ ಸಿಗುವಷ್ಟೂ ಬೆಳೆದಿರಲಿಲ್ಲ. ಅನುದಾನ ಕೊಡುವ ಸಮಿತಿಯೊಂದು "ಹೊಸ ಫಲಿತಾಂಶವಿಲ್ಲ" ಎಂದು ಬರೆದು ನೆರವು ನಿಲ್ಲಿಸಿತು. ಆ ಬೇಸಿಗೆ ಇನ್ನೊಬ್ಬರ ಯೋಜನೆಯಲ್ಲಿ ಮುಳುಗುಗಾರನಾಗಿ ಸೇರಿ, ಬಿಡುವಿನ ದಿನಗಳಲ್ಲಿ ನನ್ನ ಚೌಕಗಳಿಗೆ ಇಳಿದೆ.

ಆಗ ನನ್ನನ್ನು ನಿಲ್ಲಿಸಿದ್ದು ಎರಡು ಉದಾಹರಣೆಗಳು. ಪಾಲ್ ಡೇಟನ್ ಎಂಬ ಅಮೆರಿಕದ ಪರಿಸರ ವಿಜ್ಞಾನಿ 1960ರ ದಶಕದಲ್ಲಿ ಅಂಟಾರ್ಕ್ಟಿಕದ ಮೆಕ್‌ಮರ್ಡೋ ಜಲಸಂಧಿಯಲ್ಲಿ ಮುಳುಗಿ, ಅಲ್ಲಿಯ ಜೀವಿಗಳ ವಲಯಗಳು ಆಳಕ್ಕೆ ತಕ್ಕಂತೆ ಏಕೆ ಬದಲಾಗುತ್ತವೆ ಎಂದು ಅಧ್ಯಯನ ಮಾಡಿದರು. ಅಲ್ಲಿ ಸುಮಾರು 33 ಮೀಟರ್ ಆಳದವರೆಗೆ ಕಡಲತಳಕ್ಕೇ ಹಿಮದ ಹರಳುಗಳು ಕಟ್ಟಿಕೊಂಡು, ತೇಲುವ ಬಲದಿಂದ ಪ್ರಾಣಿಗಳನ್ನು ಕಿತ್ತು ಮೇಲಕ್ಕೆ ಒಯ್ಯುತ್ತವೆ. ದೊಡ್ಡ ಸ್ಪಂಜುಗಳು ಬೀಡುಬಿಡುವುದು ಅದರ ಕೆಳಗೆ. ಅವರ ತಂಡ ಆ ಕಾಲದಲ್ಲಿ ಕಡಲತಳದಲ್ಲಿ ಬಿಟ್ಟುಬಂದ ಕೃತಕ ಆಧಾರಗಳ ಮೇಲೆ ಎರಡು ದಶಕಗಳವರೆಗೆ ದೈತ್ಯ ಗಾಜಿನ ಸ್ಪಂಜುಗಳು ನೆಲೆಸಲಿಲ್ಲ. 2004ರಲ್ಲಿ ಮತ್ತೆ ಹೋಗಿ ನೋಡಿದಾಗ ಅವುಗಳ ಮೇಲೆ ದೊಡ್ಡ ದೊಡ್ಡ ಸ್ಪಂಜುಗಳು ತುಂಬಿದ್ದವು. ಶತಮಾನಗಟ್ಟಲೆ ಹಿಡಿಯುತ್ತದೆ ಎಂದುಕೊಂಡ ಬೆಳವಣಿಗೆ ಕೆಲವೇ ವರ್ಷಗಳಲ್ಲಿ ನಡೆದುಹೋಗಿತ್ತು. ಎರಡನೆಯದು ಉತ್ತರ ಧ್ರುವದ ಕಡೆಯದು. ಸ್ವಾಲ್‌ಬಾರ್ಡ್‌ನ ಕಾಂಗ್ಸ್‌ಫಿಯೋರ್ಡ್‌ನಲ್ಲಿ ನಾರ್ವೆಯ ವಿಜ್ಞಾನಿಗಳು 1980ರಿಂದ ಅದೇ ಬಂಡೆಗಳ ಚಿತ್ರ ತೆಗೆಯುತ್ತ ಬಂದಿದ್ದರು. ವರ್ಷ ವರ್ಷವೂ ಕಡಲ ಹೂಗಳೆಂಬ ಪ್ರಾಣಿಗಳೂ ಸುಣ್ಣದ ಪಾಚಿಯೂ ಇದ್ದಷ್ಟೇ ಇದ್ದವು. 1995ರ ಸುಮಾರಿಗೆ ಕಂದು ಪಾಚಿ ಇದ್ದಕ್ಕಿದ್ದಂತೆ ಹಬ್ಬಿ ಬಂಡೆಯ ಚಹರೆಯೇ ಬದಲಾಯಿತು. ನೀರಿನ ಉಷ್ಣತೆ ಏರಿ, ಹಿಮವಿಲ್ಲದ ದಿನಗಳು ಹೆಚ್ಚಿದ್ದೇ ಕಾರಣ. ಹದಿನೈದು ವರ್ಷ ಬದಲಾವಣೆಯಿಲ್ಲದ ಚಿತ್ರ ತೆಗೆದವರಿಗೆ ಮಾತ್ರ ಆ ಹದಿನಾರನೆಯ ವರ್ಷ ಎಷ್ಟು ಅಸಾಧಾರಣ ಎಂದು ಹೇಳುವ ಹಕ್ಕಿತ್ತು. ನನ್ನ ಬದಲಾಗದ ಚಿತ್ರಗಳೂ ಫಲಿತಾಂಶವೇ ಎಂದು ಆಗ ನನಗೆ ಮನದಟ್ಟಾಯಿತು.

ಆರನೆಯ ಬೇಸಿಗೆ. ಮೊದಲ ಮುಳುಗಿನಲ್ಲೇ ದಾರಿ ತಪ್ಪಿದೆನೆಂದುಕೊಂಡೆ. ಹಗ್ಗ ಸರಿಯಾಗಿತ್ತು, ಆಳ ಸರಿಯಾಗಿತ್ತು, ದಿಕ್ಕು ಸರಿಯಾಗಿತ್ತು, ಚೌಕಗಳು ಮಾತ್ರ ಇರಲಿಲ್ಲ. ಬಂಡೆಯ ಮೇಲೆ ರಸ್ತೆ ಅಗೆದಂತೆ ಅಗಲವಾದ ಬಿಳಿ ಗೀರು ಹಾದುಹೋಗಿತ್ತು. ಹಿಮಗಡ್ಡೆಯೊಂದು ಅಲೆಗೂ ಗಾಳಿಗೂ ಸಿಕ್ಕಿ ದಡಕ್ಕೆ ಬಂದು, ತನ್ನ ಅಡಿಯಿಂದ ನೆಲವನ್ನು ಉಜ್ಜಿ ಹೋಗಿತ್ತು. ಐದು ಚೌಕಗಳು ಅದರ ದಾರಿಯಲ್ಲಿದ್ದವು. ಕಾಂಕ್ರೀಟ್ ತುಂಡುಗಳು ಪುಡಿಯಾಗಿದ್ದವು, ಉಕ್ಕಿನ ಮೊಳೆಗಳು ಬಾಗಿ ಮಲಗಿದ್ದವು. ನಾಲ್ಕನೆಯ ಚೌಕದ ಹಳದಿ ಸ್ಪಂಜು ಇದ್ದ ಕಡೆ ಕಲ್ಲಿನ ಪುಡಿಯಷ್ಟೇ ಇತ್ತು. ಮುಖವಾಡದೊಳಗೆ ಅಳು ಬಂದರೆ ಒರೆಸಿಕೊಳ್ಳಲಾಗದು. ಸುಮ್ಮನೆ ತೇಲುತ್ತ ನಿಂತೆ.

ಜೊತೆಗಾರ ಹೆಗಲು ತಟ್ಟಿ ಕೆಳಗೆ ತೋರಿಸಿದ. ಗೀರಿನ ಅಂಚಿನಲ್ಲಿ ಜಜ್ಜಿಹೋದ ಚಿಪ್ಪುಜೀವಿಗಳ ಮೇಲೆ ರಿಬ್ಬನ್ ಹುಳುಗಳು, ನಕ್ಷತ್ರಮೀನುಗಳು, ಬ್ರಿಟಲ್ ಸ್ಟಾರ್‌ಗಳು ನೂರಾರು ಸಂಖ್ಯೆಯಲ್ಲಿ ಮುತ್ತಿದ್ದವು. ಮೂರು ವರ್ಷಗಳಲ್ಲಿ ಒಂದು ಅಂಗುಲವೂ ಅಲುಗದ ಲೋಕವೆಂದು ನಾನು ನಂಬಿದ್ದೆ. ಅದು ಒಂದು ಊಟದ ವಾಸನೆಗೆ ನಾಲ್ಕು ಕಡೆಯಿಂದಲೂ ಹರಿದು ಬಂದಿತ್ತು. ಕ್ಯಾಮೆರಾ ಎತ್ತಿಕೊಂಡೆ. ಅಂದು ತೆಗೆದ ಚಿತ್ರಗಳೇ ಮುಂದೆ ನನ್ನ ಕೆಲಸಕ್ಕೆ ಅತಿ ಹೆಚ್ಚು ಬೆಲೆ ತಂದವು.

ಹಿಮಗಡ್ಡೆಯ ಉಜ್ಜಾಟ ಇಲ್ಲಿ ಹೊಸದೇನಲ್ಲ. ಪರ್ಯಾಯ ದ್ವೀಪದ ರೊಥೆರಾ ಕೇಂದ್ರದ ಬಳಿ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಮುಳುಗುಗಾರರು 5, 10 ಮತ್ತು 25 ಮೀಟರ್ ಆಳದಲ್ಲಿ ಗುರುತುಕಲ್ಲುಗಳನ್ನು ಇಟ್ಟು, ಪ್ರತಿ ವರ್ಷ ಎಷ್ಟು ಒಡೆದಿವೆ ಎಂದು ಎಣಿಸುತ್ತ ಬಂದಿದ್ದಾರೆ. ಅವರು ಕಂಡ ಸಂಬಂಧ ಸರಳ. ಚಳಿಗಾಲದಲ್ಲಿ ಕಡಲ ಮೇಲ್ಮೈ ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಹಿಮಗಡ್ಡೆಗಳು ಇದ್ದಲ್ಲೇ ಸೆರೆಯಾಗುತ್ತವೆ. ಆ ಹಿಮ ಕಡಿಮೆ ದಿನ ನಿಂತಷ್ಟೂ ಹಿಮಗಡ್ಡೆಗಳು ಹೆಚ್ಚು ದಿನ ಅಲೆಯುತ್ತವೆ, ತಳವನ್ನು ಹೆಚ್ಚು ಸಲ ಉಜ್ಜುತ್ತವೆ. ಬಿಸಿಯೇರುವ ಗಾಳಿ ಕಡಲತಳದ ಸ್ಪಂಜನ್ನು ತಲುಪುವ ಒಂದು ದಾರಿ ಹೀಗಿದೆ.

ಇನ್ನೊಂದು ದಾರಿ ನೇರವಾದದ್ದು. ಅದೇ ರೊಥೆರಾದಲ್ಲಿ ಕಡಲತಳದಲ್ಲೇ ಫಲಕಗಳನ್ನು ಇಟ್ಟು, ಅವುಗಳ ಮೇಲಿನ ತೆಳು ನೀರಿನ ಪದರವನ್ನು 1 ಡಿಗ್ರಿ ಮತ್ತು 2 ಡಿಗ್ರಿ ಬಿಸಿ ಮಾಡಿ ನೋಡಿದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಒಂದೇ ಡಿಗ್ರಿಗೆ ಫೆನೆಸ್ಟ್ರುಲಿನಾ ರುಗುಲಾ ಎಂಬ ಬ್ರಯೋಜೋವ ಎರಡು ಪಟ್ಟು ವೇಗವಾಗಿ ಬೆಳೆದು ಫಲಕದ ಬಹುಪಾಲನ್ನು ತಾನೇ ಆಕ್ರಮಿಸಿತು, ಉಳಿದ ಪ್ರಭೇದಗಳಿಗೆ ಜಾಗ ಉಳಿಯಲಿಲ್ಲ. ನನ್ನ ಗೀರಿನಲ್ಲಿ ಮರುವರ್ಷ ಮೊದಲು ಕಾಣಿಸಿಕೊಂಡ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದಾಗ, ಗುಂಡುಸೂಜಿಯ ತಲೆಯಷ್ಟು ಗಾತ್ರದ ಅದೇ ಬ್ರಯೋಜೋವದ ವಸಾಹತುಗಳು ಸಿಕ್ಕವು. ಆ ರಾತ್ರಿ ನಿದ್ದೆ ಬರಲಿಲ್ಲ.

ಹಿಮ ಹಿಂದೆ ಸರಿದ ಕಡೆಗಳಲ್ಲೆಲ್ಲ, ಇಲ್ಲಿಗೆ ಯಾರು, ಯಾವಾಗ ಬಂದರು ಎಂಬ ಪ್ರಶ್ನೆಯೇ ದೊಡ್ಡದಾಗಿ ನಿಂತಿದೆ. 1995ರಲ್ಲಿ ಲಾರ್ಸೆನ್ ಎ ಹಿಮಚಪ್ಪಡಿ (ಖಂಡದಿಂದ ಕಡಲ ಮೇಲೆ ಚಾಚಿ ತೇಲುವ ದಪ್ಪ ಹಿಮ) ಒಡೆದುಹೋದ ಜಾಗದಲ್ಲಿ, 2007 ಮತ್ತು 2011ರ ನಡುವೆ ಗಾಜಿನ ಸ್ಪಂಜುಗಳ ಸಂಖ್ಯೆ ಮೂರು ಪಟ್ಟು ಆಯಿತು. 2021ರಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗಿನವರು ಎಳೆಯುವ ಕ್ಯಾಮೆರಾವನ್ನು ವೆಡೆಲ್ ಸಮುದ್ರದ ದಕ್ಷಿಣದಲ್ಲಿ ಇಳಿಬಿಟ್ಟಾಗ ಐಸ್‌ಫಿಶ್‌ಗಳ ಗೂಡುಗಳು ಕಂಡವು; ಸುಮಾರು 240 ಚದರ ಕಿಲೋಮೀಟರಿನಲ್ಲಿ ಅಂದಾಜು 6 ಕೋಟಿ ಗೂಡುಗಳು, ಒಂದೊಂದೂ ಮುಕ್ಕಾಲು ಮೀಟರ್ ಅಗಲ. ಅದೇ ವರ್ಷ ಫಿಲ್ಕ್ನರ್ ಹಿಮಚಪ್ಪಡಿಯ ಕತೆಯೂ ಪ್ರಕಟವಾಯಿತು. ಸುಮಾರು 900 ಮೀಟರ್ ದಪ್ಪದ ಹಿಮವನ್ನು ಬಿಸಿನೀರಿನಿಂದ ಕೊರೆದು ಕೆಸರು ತೆಗೆಯಲು ಹೋದ ಭೂವಿಜ್ಞಾನಿಗಳ ಉಪಕರಣ ಒಂದು ಬಂಡೆಗೆ ಬಡಿಯಿತು. ತೆರೆದ ಕಡಲಿನಿಂದ 260 ಕಿಲೋಮೀಟರ್ ಒಳಗೆ, ಬೆಳಕೇ ಕಾಣದ ಆ ಕತ್ತಲಲ್ಲಿ, ಬಂಡೆಯ ಮೇಲೆ ಸ್ಪಂಜುಗಳು ಅಂಟಿಕೊಂಡಿದ್ದವು. ಆ ವೀಡಿಯೊ ನೋಡಿದಾಗ ನನ್ನ ಮೊದಲ ಯಾನದ ಕಲ್ಲೇ ನೆನಪಾಯಿತು. 2025ರ ಜನವರಿಯಲ್ಲಿ ಜಾರ್ಜ್ VI ಹಿಮಚಪ್ಪಡಿಯಿಂದ ಎ-84 ಎಂಬ ಹಿಮಗಡ್ಡೆ ಕಳಚಿಕೊಂಡ ಕೆಲವೇ ದಿನಗಳಲ್ಲಿ, ಹತ್ತಿರದಲ್ಲಿದ್ದ ಫಾಲ್ಕರ್ (ಟೂ) ಹಡಗು ಅಲ್ಲಿಗೆ ತಿರುಗಿ ತನ್ನ ರೋಬಾಟನ್ನು ಇಳಿಸಿತು. ಅದುವರೆಗೆ ಹಿಮದಡಿ ಮುಚ್ಚಿದ್ದ ನೆಲದಲ್ಲಿ ದೊಡ್ಡ ಸ್ಪಂಜುಗಳೂ ಹವಳಗಳೂ ಆಗಲೇ ನೆಲೆಸಿದ್ದವು. ಅಷ್ಟು ದೊಡ್ಡ ಸ್ಪಂಜು ಕೆಲವು ದಿನಗಳಲ್ಲಿ ಬೆಳೆಯುವುದಿಲ್ಲ; ಹಿಮದ ಅಡಿಯಲ್ಲೇ ದಶಕಗಟ್ಟಲೆ, ಬಹುಶಃ ಅದಕ್ಕೂ ಹೆಚ್ಚು ಕಾಲ ಬದುಕಿದ್ದಿರಬೇಕು.

ಈ ಸುದ್ದಿಗಳು ಬಂದಾಗ ಯುವಕರು, ಯುವತಿಯರು ನನಗೆ ಬರೆಯುತ್ತಾರೆ, ಈ ಕ್ಷೇತ್ರಕ್ಕೆ ಬರುವುದು ಹೇಗೆಂದು ಕೇಳುತ್ತಾರೆ. ಮುಳುಗುವುದನ್ನು ಆಮೇಲೆ ಕಲಿಯಬಹುದು, ಮುಳುಗದೆಯೂ ಈ ಕೆಲಸ ಮಾಡುವವರು ಬಹಳ ಮಂದಿ ಇದ್ದಾರೆ ಎಂದು ಹೇಳುತ್ತೇನೆ. ಒಂದು ಗುಂಪಿನ ಪ್ರಾಣಿಗಳನ್ನು ಆರಿಸಿಕೊಳ್ಳಿ, ಬ್ರಯೋಜೋವವೋ ಹುಳುವೋ ಐಸೊಪಾಡೋ, ಅದನ್ನು ಯಾರೂ ಪ್ರಶ್ನಿಸಲಾಗದಷ್ಟು ಚೆನ್ನಾಗಿ ಗುರುತಿಸಲು ಕಲಿಯಿರಿ. ಸಂಖ್ಯಾಶಾಸ್ತ್ರ ಕಲಿಯಿರಿ. ತಿಂಗಳುಗಟ್ಟಲೆ ಇಪ್ಪತ್ತು ಜನರ ಜೊತೆ ಒಂದೇ ಸೂರಿನಡಿ ಬದುಕುವುದನ್ನೂ ಕಲಿಯಿರಿ, ಅದೂ ವೃತ್ತಿಯ ಕೌಶಲವೇ. ಪಾತ್ರೆ ತೊಳೆಯುವ ಸರದಿ ತಪ್ಪಿಸುವವರನ್ನು ಎರಡನೆಯ ಯಾನಕ್ಕೆ ಯಾರೂ ಕರೆಯುವುದಿಲ್ಲ.

ಪುಡಿಯಾದ ಐದು ಚೌಕಗಳಿಗೆ ಅದೇ ಜಾಗದಲ್ಲಿ ಹೊಸ ಮೊಳೆ ಹೊಡೆದೆ. ಸಂಖ್ಯೆಗಳನ್ನು ಬದಲಿಸಲಿಲ್ಲ. ಮೊದಲ ವರ್ಷ ಬರಿಯ ಕಲ್ಲು. ಎರಡನೆಯ ವರ್ಷ ಬ್ರಯೋಜೋವದ ಚುಕ್ಕೆಗಳು, ಸುರುಳಿ ಕೊಳವೆಯ ಹುಳುಗಳು. ಮೂರನೆಯ ವರ್ಷ ಅಂಚಿನಿಂದ ಗುಲಾಬಿ ಪಾಚಿ ಒಂದು ಬೆರಳಿನಷ್ಟು ಒಳಗೆ ಹಬ್ಬಿತ್ತು, ಎರಡು ಲಿಂಪೆಟ್‌ಗಳು ಅದರ ಗಡಿಯನ್ನು ಕೆರೆಯುತ್ತಿದ್ದವು. ಎಂಟನೆಯ ಚೌಕವನ್ನು ಇನ್ನೊಂದು ಹಿಮಗಡ್ಡೆ ನಾಲ್ಕನೆಯ ವರ್ಷ ಮತ್ತೆ ಉಜ್ಜಿತು, ಅದರ ಲೆಕ್ಕ ಮೊದಲಿನಿಂದ ಶುರುವಾಯಿತು. ಹೋದ ಬೇಸಿಗೆಯ ಕೊನೆಯ ಮುಳುಗಿನಲ್ಲಿ ನಾಲ್ಕನೆಯ ಚೌಕದ ಚಿತ್ರ ತೆಗೆಯುವಾಗ, ಮೇಲಿನ ಬಲ ಮೂಲೆಯ ಮೊಳೆಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಹಳದಿ ಬಣ್ಣದ ಏನೋ ಕಂಡಿತು. ಸ್ಪಂಜು ಹೌದೋ ಅಲ್ಲವೋ ಎಂದು ತಿಳಿಯಬೇಕಾದರೆ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿಟ್ಟು ಅದರ ಸೂಜಿಗಳನ್ನು ನೋಡಬೇಕು. ಮುಟ್ಟಲಿಲ್ಲ. ಹತ್ತಿರದಿಂದ ಆರು ಚಿತ್ರ ತೆಗೆದು, ಸ್ಲೇಟಿನ ಮೇಲೆ ಪೆನ್ಸಿಲಿನಿಂದ ಅದರ ಜಾಗವನ್ನು ಗುರುತಿಸಿ, ಗಾಳಿ ಮುಗಿಯುವ ಮೊದಲು ಮೇಲೆ ಬಂದೆ. ಮುಂದಿನ ಡಿಸೆಂಬರಿನಲ್ಲಿ ಮೊದಲು ಇಳಿಯುವುದು ಆ ಮೂಲೆಗೇ.